ಕೊನೆಯ ಸಾಲಿನಲ್ಲಿ ನಿಂತು ಅಂಕ ಕೊಡಿ

ನೋಟಿಸ್ ಬೋರ್ಡಿನ ಸೂಚನೆಯನ್ನು ಎಲ್ಲರೂ ಓದಿರುತ್ತೀರಿ. ಮುಂದಿನ ತಿಂಗಳಿಂದ ಪ್ರತಿ ಶನಿವಾರ ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಮುಂಚೆ ಅರ್ಧ ಗಂಟೆ ಸಾಮೂಹಿಕ ವ್ಯಾಯಾಮ. ಹುಡುಗಿಯರಿಗೆ ಹಾಲ್‌ನಲ್ಲಿ, ಹುಡುಗರಿಗೆ ಮೈದಾನದಲ್ಲಿ. ನಡೆಸಿಕೊಡುವವರು ವಿದ್ಯಾರ್ಥಿಗಳೇ. ಅವರನ್ನು ಆರಿಸಲು ಆಡಿಷನ್ ಇದೆ. ಸೂಚನೆಯ ಕೊನೆಯ ಸಾಲು ಹೀಗಿದೆ: ಆಸಕ್ತರು ಐದು ನಿಮಿಷದ ಪ್ರದರ್ಶನ ನೀಡತಕ್ಕದ್ದು, ಹಾಡನ್ನು ತಾವೇ ತರತಕ್ಕದ್ದು.

ನಾನು ಹೆಸರು ಕೊಟ್ಟಿದ್ದೇನೆ. ಕೊಟ್ಟ ದಿನ ಕ್ಲಾಸಿನಲ್ಲಿ ಸಣ್ಣ ನಗು ಎದ್ದಿತು. ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೈಕಟ್ಟು ನೋಡಿದರೆ ವ್ಯಾಯಾಮ ಹೇಳಿಕೊಡುವವಳು ಅಂತ ಯಾರಿಗೂ ಅನ್ನಿಸುವುದಿಲ್ಲ. ಬಸ್ಸಿಗೆ ಓಡಿ ಹತ್ತಿದರೆ ಎರಡು ಸ್ಟಾಪ್ ಕಳೆಯುವವರೆಗೂ ಏದುಸಿರು ಬಿಡುತ್ತಿದ್ದವಳು ನಾನು. ಆದರೆ ಆ ನಗುವಿಗೂ ಸೂಚನೆಯಲ್ಲಿರುವ ‘ಪ್ರದರ್ಶನ’ ಎಂಬ ಮಾತಿಗೂ ಏನೋ ನಂಟಿದೆ ಎಂದು ಆವತ್ತು ಸಂಜೆ ಎಮ್ಮೆದೊಡ್ಡಿಗೆ ವಾಪಸ್ ಹೋಗುವ ಬಸ್ಸಿನಲ್ಲಿ ನನಗೆ ಹೊಳೆಯಿತು. ಪ್ರದರ್ಶನ ಎಂದರೆ ಒಬ್ಬರು ಮಾಡುವುದು, ಉಳಿದವರು ನೋಡುವುದು. ಶನಿವಾರದ ತರಗತಿಯಲ್ಲಿ ನಮಗೆ ಬೇಕಾಗಿರುವುದು ಎಲ್ಲರೂ ಮಾಡುವುದು. ಹಾಗಿದ್ದ ಮೇಲೆ ಆಯ್ಕೆಯೂ ಆ ರೀತಿ ಇರಬೇಕಲ್ಲವೇ? ಆಡಿಷನ್‌ಗೆ ತಯಾರಾಗುತ್ತಾ ಮೂರು ವಾರದಲ್ಲಿ ನಾನು ಕಲಿತದ್ದನ್ನು ಹೇಳಿ, ಕೊನೆಗೆ ಒಂದು ಕೋರಿಕೆ ಇಡುತ್ತೇನೆ.

ಮೊದಲ ವಾರ ನಾನೂ ಎಲ್ಲರ ಹಾಗೆಯೇ ತಯಾರಾದೆ. ಮೊಬೈಲ್‌ನಲ್ಲಿ ವಿಡಿಯೊ ನೋಡುವುದು, ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ಅದನ್ನೇ ಮಾಡುವುದು. ಆರು ದಿನದಲ್ಲಿ ಐದು ನಿಮಿಷದ ಒಂದು ಕಟ್ಟು ಬಾಯಿಪಾಠವಾಯಿತು. ಆಗ ಅಮ್ಮಿ ಬಾಗಿಲು ತಟ್ಟಿ ಕೇಳಿದರು: “ಯಾರಿಗೆ ಕಲಿಸ್ತೀಯೋ ಅವರು ಎಲ್ಲಿದ್ದಾರೆ ಬೇಟಾ, ಕನ್ನಡಿಯೊಳಗಾ?”

ಅಮ್ಮಿಗೆ ಶುಗರ್ ಬಂದು ಎರಡು ವರ್ಷವಾಯಿತು. ದಿನಾ ಅರ್ಧ ಗಂಟೆ ನಡೀರಿ ಎಂದು ಡಾಕ್ಟರ್ ಹೇಳಿದ್ದಾರೆ. ಎಲ್ಲಿ ನಡೆಯುವುದು? ಬೆಳಿಗ್ಗೆ ಬೇಗ ಹೋಗೋಣ ಎಂದರೆ ನಮ್ಮದು ಕಾಡಂಚಿನ ಊರು, ಚಿರತೆ ಕಂಡಿತಂತೆ ಎಂಬ ಸುದ್ದಿ ಆಗಾಗ ಇದ್ದದ್ದೇ. ಬೆಳಕಾದ ಮೇಲೆ ಹೊರಟರೆ ಎದುರು ಸಿಕ್ಕವರೆಲ್ಲ “ಎಲ್ಲಿಗೆ ಹೊರಟ್ರಿ?” ಎಂದು ಕೇಳುತ್ತಾರೆ. ಸುಮ್ಮನೆ ನಡೆಯಲು ಹೊರಟೆ ಎಂದು ಹೇಳಲು ಅಮ್ಮಿಗೆ ನಾಚಿಕೆ. ಮದಗದ ಕೆರೆಯ ಹಾಡನ್ನು ನಾಡಿಗೆ ನಾಡೇ ಹಾಡುತ್ತದೆ. ಆ ಕೆರೆಯ ಪಕ್ಕದ ಊರಿನ ಹೆಂಗಸರು ಅದರ ಏರಿಯ ಮೇಲೆ ಒಂದು ಸುತ್ತು ತಿರುಗಾಡಲು ಏನಾದರೂ ನೆಪ ಹುಡುಕಬೇಕು.

ಇದು ಒಬ್ಬ ಅಮ್ಮಿಯ ಕಥೆಯಲ್ಲ. ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2024ರಲ್ಲಿ ಬಂದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಇದು ಶೇ. 42, ಹೆಂಗಸರಲ್ಲಿ ಶೇ. 57. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ ಎಂದು ಹೇಳಿತು.

ನಾನು ವಾಣಿಜ್ಯ ವಿಭಾಗದವಳು, ಒಂದು ಸಣ್ಣ ಲೆಕ್ಕ ಹಾಕುತ್ತೇನೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆಯಿಂದ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಅಂದರೆ ವಾರಕ್ಕೆ 420 ನಿಮಿಷ. ನಮ್ಮ ಶನಿವಾರದ ತರಗತಿ 30 ನಿಮಿಷ, ನೂರಕ್ಕೆ ಏಳು. ಉಳಿದ ತೊಂಬತ್ತಮೂರು ಎಲ್ಲಿಂದ ಬರಬೇಕು? ಶನಿವಾರ ಕಲಿತದ್ದನ್ನು ಮನೆಗೆ ಒಯ್ದು ಮಾಡಿದರೆ ಮಾತ್ರ ಬರುತ್ತದೆ. ಮನೆಗೆ ಒಯ್ದರೆ ಅಮ್ಮಿಗೂ ಸಿಗುತ್ತದೆ. ಒಯ್ಯಬೇಕಾದರೆ ಕಲಿತದ್ದು ಸುಲಭವಾಗಿ ನೆನಪಿರಬೇಕು, ಸಣ್ಣ ಜಾಗದಲ್ಲಿ ಆಗಬೇಕು, ನನ್ನಂಥವಳಿಗೂ ಆಗಬೇಕು. ಮುಂದೆ ನಿಂತವರು ಎಷ್ಟು ಚೆನ್ನಾಗಿ ಕುಣಿದರು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಎರಡನೇ ವಾರ ಕನ್ನಡಿ ಬಿಟ್ಟು ಜನರನ್ನು ಹುಡುಕಿದೆ. ನಮ್ಮ ಪಕ್ಕದ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಸಂಜೆ ಕೆಲಸ ಮುಗಿದ ಮೇಲೆ ಹದಿನೈದು ನಿಮಿಷ ಕೊಡಿ ಎಂದು ಬೇಡಿಕೊಂಡೆ. ಅಮ್ಮಿ, ಖಾಲಾ, ಪಕ್ಕದ ಮನೆಯ ಅಕ್ಕ, ಸುಲಿಯಲು ಬಂದ ನಾಲ್ವರು, ಒಬ್ಬರು ಅಜ್ಜಿ, ಹೀಗೆ ಎಂಟು ಜನ ಸೇರಿದರು. ನನ್ನ ಬಾಯಿಪಾಠದ ಕಟ್ಟು ಶುರುವಿನಲ್ಲೇ ಬಿದ್ದುಹೋಯಿತು. ಕೈಕಾಲು ಅಗಲಿಸಿ ಹಾರಿ ಎಂದೆ. ಒಬ್ಬಕ್ಕ ನಿಂತಲ್ಲೇ ಹೇಳಿದರು: “ಬೆಳಗ್ಗಿಂದ ಕೂತು ಕೂತು ಸೊಂಟ ಹಿಡ್ಕಂಡೈತೆ ಕಣವ್ವ. ಹಾರು ಅಂದ್ರೆ ಎಲ್ಲಿಗ್ ಹಾರಾಣ?”

ಎರಡನೇ ತಪ್ಪು ಭಾಷೆಯದು. ಮನೆಮಾತಿನ ರೂಢಿಯಲ್ಲಿ “ಸೀದಾ ಹಾತ್ ಊಪರ್” ಎಂದುಬಿಟ್ಟೆ. ಉರ್ದುವಿನಲ್ಲಿ ಅದು ಬಲಗೈ. ಅಮ್ಮಿ, ಖಾಲಾ ಬಲಗೈ ಎತ್ತಿದರು. ಕನ್ನಡದವರು ಎರಡೂ ಕೈಯನ್ನು ಸೀದಾ, ಅಂದರೆ ನೆಟ್ಟಗೆ, ಆಕಾಶಕ್ಕೆ ಚಾಚಿದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಸರಿ, ಕನ್ನಡದಲ್ಲೇ ಬಲಗೈ ಎಂದು ಹೇಳಿ ನಾನೂ ಬಲಗೈ ಎತ್ತಿದೆ. ಆಗಲೂ ಅರ್ಧ ಜನ ಎಡಗೈ ಎತ್ತಿದರು. ತಪ್ಪು ಅವರದಲ್ಲ. ನಾನು ಅವರ ಕಡೆ ಮುಖ ಮಾಡಿದ್ದರಿಂದ ನನ್ನ ಬಲ ಅವರ ಎಡಗಡೆಗೆ ಇತ್ತು. ಎದುರು ನಿಂತು ಕಲಿಸುವವರು ಬಲ ಎಂದು ಹೇಳುತ್ತಾ ತಾವು ಎಡಗೈ ಎತ್ತಬೇಕು, ಕನ್ನಡಿಯಲ್ಲಿ ಕಾಣುವ ಹಾಗೆ. ಇದು ಹೇಳುವಷ್ಟು ಸುಲಭವಲ್ಲ. ನಾಲ್ಕು ದಿನ ಬೇಕಾಯಿತು. ಕೊನೆಗೆ ಉಪಾಯ ಕೊಟ್ಟವರು ಅಜ್ಜಿ: “ಬಲ ಎಡ ಯಾಕ್ ಹೇಳ್ತೀಯ, ತೆಂಗಿನ ಮರದ ಕಡೆ, ರಸ್ತೆ ಕಡೆ ಅನ್ನು.” ಆಮೇಲೆ ಯಾರೂ ತಪ್ಪಲಿಲ್ಲ. ನಮ್ಮ ಹಾಲ್‌ನಲ್ಲಿ ಕಿಟಕಿ ಕಡೆ, ಬಾಗಿಲ ಕಡೆ ಎಂದರಾಯಿತು. ಯಾವ ಮನೆಮಾತಿನವರಿಗೂ ತಿಳಿಯುತ್ತದೆ.

ಆ ಅಂಗಳದಲ್ಲಿ ನಾನು ಕಲಿತ ಉಳಿದ ವಿಷಯಗಳನ್ನೂ ಬರೆಯುತ್ತೇನೆ. ಹೆಸರು ಕೊಟ್ಟಿರುವ ಉಳಿದವರಿಗೂ ಉಪಯೋಗವಾಗಲಿ.

ಒಂದು, ಎಣಿಕೆ. ಗುಂಪು ವ್ಯಾಯಾಮದ ತರಗತಿಗಳು ಸಾಮಾನ್ಯವಾಗಿ ಎಂಟರ ಎಣಿಕೆಯಲ್ಲಿ ನಡೆಯುತ್ತವೆ. ನಾಲ್ಕು ಎಂಟು ಸೇರಿದರೆ 32, ಅದು ಒಂದು ಸುತ್ತು. ಮುಂದಿನ ಚಲನೆ ಏನು ಎಂದು ಅದು ಬಂದ ಮೇಲೆ ಹೇಳಿದರೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಬೀಳುತ್ತಾರೆ. ಕೊನೆಯ ಎಂಟರಲ್ಲಿ ಐದನೇ ಎಣಿಕೆಗೇ ಹೇಳಿಬಿಡಬೇಕು. ಬಸ್ ಕಂಡಕ್ಟರ್ ಸ್ಟಾಪ್ ಬರುವ ಮೊದಲೇ ಊರಿನ ಹೆಸರು ಕೂಗುವ ಹಾಗೆ.

ಎರಡು, ಬದಲಿ. ಪ್ರತಿ ಚಲನೆಗೂ ಸುಲಭದ ಇನ್ನೊಂದು ರೂಪ ಕೈಯಲ್ಲಿರಬೇಕು. ಹಾರಲಾಗದವರು ಪಕ್ಕಕ್ಕೆ ಹೆಜ್ಜೆ ಇಡಲಿ. ನೆಲದ ಮೇಲೆ ದಂಡ ಹೊಡೆಯಲಾಗದವರು ಗೋಡೆಗೆ ಕೈಯೂರಿ ಮಾಡಲಿ. ಬಸ್ಕಿಗೆ ಮಂಡಿ ನೋಯುವವರು ಕುರ್ಚಿಯಲ್ಲಿ ಕೂತು ಏಳಲಿ. ಸುಲಭದ್ದನ್ನು ಮೊದಲು ತೋರಿಸಬೇಕು, ಕಷ್ಟದ್ದನ್ನು ಆಮೇಲೆ. ಮೊದಲು ಕಷ್ಟದ್ದನ್ನು ತೋರಿಸಿ, ಆಗದವರು ಹೀಗೆ ಮಾಡಿ ಎಂದರೆ ಯಾರೂ ಆಗದವರಾಗಲು ಒಪ್ಪುವುದಿಲ್ಲ. ನೋವು ನುಂಗಿಕೊಂಡು ಮಾಡುತ್ತಾರೆ, ಮರುದಿನ ಬರುವುದಿಲ್ಲ.

ಮೂರು, ಉಸಿರು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು ಎಂಬುದು ಮಧ್ಯಮ ವ್ಯಾಯಾಮಕ್ಕೆ ಎಲ್ಲೆಡೆ ಬಳಸುವ ಅಳತೆ. ಯಾವ ಯಂತ್ರವೂ ಬೇಡ. ಮಧ್ಯೆ ಮಧ್ಯೆ ಏನಾದರೂ ಕೇಳಬೇಕು, ಉತ್ತರ ಬರದಿದ್ದರೆ ನಿಧಾನ ಮಾಡಬೇಕು.

ನಾಲ್ಕು, ಶುರು ಮಾಡುವ ಮುಂಚಿನ ಪ್ರಶ್ನೆ. ಯಾರಿಗಾದರೂ ಉಬ್ಬಸ, ಮಂಡಿ ನೋವು, ತಲೆಸುತ್ತು ಇದೆಯೇ? ಇವತ್ತು ಹುಷಾರಿಲ್ಲದವರು ಕೂತುಕೊಂಡೇ ಕೈ ಆಡಿಸಬಹುದು ಎಂದು ಮೊದಲೇ ಹೇಳಿದರೆ ಯಾರೂ ಕಾರಣ ಕೊಡಬೇಕಾಗಿಲ್ಲ. ಹುಡುಗಿಯರಿಗೆ ಇದು ಯಾಕೆ ಮುಖ್ಯ ಎಂದು ಬಿಡಿಸಿ ಹೇಳಬೇಕಾಗಿಲ್ಲ. ದುಪಟ್ಟಾ ಕಾಲಿಗೆ ಸಿಗದಂತೆ ಪಿನ್ ಹಾಕಿಕೊಳ್ಳಿ ಎಂಬುದನ್ನೂ ಆಗಲೇ ಹೇಳಬೇಕು.

ಇನ್ನು ಹಾಡಿನ ವಿಷಯ. ಸೂಚನೆಯಲ್ಲಿ ಹಾಡು ತರಬೇಕು ಎಂದಿದೆ. ನಮ್ಮಲ್ಲಿ ಕೆಲವರ ಮನೆಯಲ್ಲಿ ಹಾಡಿಗೆ ಹೆಜ್ಜೆ ಹಾಕುವುದು ಒಪ್ಪಿಗೆಯಿಲ್ಲ, ಕೆಲವರ ಮನೆಯಲ್ಲಿ ತಕರಾರಿಲ್ಲ. ಇದು ನಮ್ಮ ಕಾಲೇಜಿಗಷ್ಟೇ ಬಂದ ಪ್ರಶ್ನೆಯಲ್ಲ. 2025ರ ಜೂನ್‌ನಲ್ಲಿ ಪಕ್ಕದ ಕೇರಳದಲ್ಲಿ ಮಾದಕ ವಸ್ತುಗಳ ವಿರುದ್ಧದ ಅಭಿಯಾನದ ಭಾಗವಾಗಿ ಶಾಲೆಗಳಲ್ಲಿ ಜುಂಬಾ ಶುರು ಮಾಡಿದಾಗ ಕೆಲವು ಮುಸ್ಲಿಂ ಸಂಘಟನೆಗಳು ಆಕ್ಷೇಪ ಎತ್ತಿದವು. ಮಕ್ಕಳು ಸಮವಸ್ತ್ರದಲ್ಲೇ ಮಾಡುವ ಲಘು ವ್ಯಾಯಾಮ ಇದು ಎಂದು ಅಲ್ಲಿನ ಶಿಕ್ಷಣ ಸಚಿವರು ಸಮರ್ಥಿಸಿಕೊಂಡರು. ವಾರಗಟ್ಟಲೆ ವಾದ ನಡೆಯಿತು. ನಾನು ಓದಿದ ಮಟ್ಟಿಗೆ ಎರಡೂ ಕಡೆಯವರು ಬಟ್ಟೆ, ಹಾಡು, ಕುಣಿತದ ಬಗ್ಗೆ ಮಾತಾಡಿದ್ದೇ ಹೆಚ್ಚು. ಹಿಂದಿನ ಸಾಲಿನ ದಪ್ಪನೆಯ ಹುಡುಗಿ ಏನು ಕಲಿತಳು ಎಂದು ಕೇಳಿದವರು ನನಗೆ ಕಾಣಲಿಲ್ಲ.

ಆ ಜುಂಬಾ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಕೊಲಂಬಿಯಾ ದೇಶದ ಬೆಟೊ ಪೆರೆಜ್ ಎಂಬ ತರಬೇತುದಾರ 1990ರ ದಶಕದಲ್ಲಿ ಒಂದು ದಿನ ತರಗತಿಗೆ ಬರುವಾಗ ಎಂದಿನ ಏರೋಬಿಕ್ಸ್ ಸಂಗೀತದ ಟೇಪನ್ನು ಮರೆತುಬಂದನಂತೆ. ತನ್ನ ಹತ್ತಿರವಿದ್ದ ತನ್ನ ನಾಡಿನ ಹಾಡುಗಳ ಟೇಪು ಹಾಕಿ, ತಯಾರಿ ಇಲ್ಲದೆಯೇ ತರಗತಿ ನಡೆಸಿದ. ಅದೇ ಮುಂದೆ 2001ರಲ್ಲಿ ಕಂಪನಿಯಾಯಿತು. ನನಗೆ ಈ ಕಥೆಯ ಪಾಠ ಇಷ್ಟೇ: ತಂದ ಹಾಡು ಕೈಕೊಟ್ಟರೂ ಕಲಿಸಬಲ್ಲವರು ಕಲಿಸುತ್ತಾರೆ. ನಮ್ಮ ಅಂಗಳದಲ್ಲಿ ಹಾಡೇ ಇರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ನಾನು ಕೂಗುತ್ತಿದ್ದೆ, ಎರಡನೇ ದಿನದಿಂದ ಅವರೂ ಕೂಗಿದರು. ಒಂದು ಸುತ್ತು ಕನ್ನಡದಲ್ಲಿ, ಒಂದು ಸುತ್ತು ಉರ್ದುವಿನಲ್ಲಿ. ಎಣಿಕೆಗೆ ಯಾರ ಮನೆಯಲ್ಲೂ ತಕರಾರು ಬರಲಿಲ್ಲ. ಹಾಡು ತರುವವರು ತರಲಿ, ಬೇಡವೆನ್ನುವವರಿಗೆ ಎಣಿಕೆ ಸಾಕು. ಹಾಡು ಇಲ್ಲವೆಂದು ಅಂಕ ಕಡಿಮೆ ಆಗಬಾರದು.

ಮುಂದೆ ನಿಲ್ಲುವವರು ಎಂಥವರಿರಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮಾಜನ್ನೂ ವ್ಯಾಯಾಮವನ್ನೂ ನಾನು ಹೋಲಿಸುತ್ತಿಲ್ಲ, ಅದು ಇಬಾದತ್, ಇದು ಮೈಯ ಕೆಲಸ. ಆದರೆ ಮುಂದೆ ನಿಲ್ಲುವ ಜವಾಬ್ದಾರಿಯ ಬಗ್ಗೆ ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದ ಎರಡು ಹದೀಸ್ ಇವೆ. ಜನರಿಗೆ ಇಮಾಮ್ ಆಗಿ ನಿಂತವರು ನಮಾಜನ್ನು ಹಗುರವಾಗಿ ನಡೆಸಬೇಕು, ಏಕೆಂದರೆ ಹಿಂದೆ ದುರ್ಬಲರು, ಕಾಯಿಲೆಯವರು, ವಯಸ್ಸಾದವರು ಇರುತ್ತಾರೆ, ಒಬ್ಬರೇ ಇರುವಾಗ ಎಷ್ಟು ಬೇಕಾದರೂ ದೀರ್ಘ ಮಾಡಲಿ ಎಂದು ಪ್ರವಾದಿ (ಸ) ಹೇಳಿದ್ದಾರೆ. ನಮಾಜಿನ ನಡುವೆ ಮಗುವಿನ ಅಳು ಕೇಳಿಸಿದರೆ, ಅದರ ತಾಯಿಗೆ ಕಷ್ಟವಾಗಬಾರದೆಂದು ಅವರು ಬೇಗ ಮುಗಿಸುತ್ತಿದ್ದರು. ಆ ತಾಯಿ ನಿಂತಿದ್ದದ್ದು ಹಿಂದಿನ ಸಾಲಿನಲ್ಲಿ. ಮುಂದೆ ನಿಂತವರ ಕಿವಿ ಹಿಂದಿನ ಸಾಲಿನ ಕಡೆ ಇರಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ನಮ್ಮ ನಾಡಿನ ಇತಿಹಾಸದಲ್ಲೂ ಒಂದು ಉದಾಹರಣೆ ಇದೆ. ಡಾ. ನಾ. ಸು. ಹರ್ಡೀಕರ್ ಅವರು 1923ರಲ್ಲಿ ಸೇವಾದಳ ಕಟ್ಟಿದರು, ಹುಬ್ಬಳ್ಳಿ ಅದರ ಕೇಂದ್ರವಾಗಿತ್ತು. ಸಾಮಾನ್ಯ ಜನರಿಗೆ ಕವಾಯತು, ಶಿಸ್ತು ಕಲಿಸಿ ಸ್ವಯಂಸೇವಕರನ್ನಾಗಿ ಮಾಡುವುದು ಅದರ ಕೆಲಸ. ಅದರ ಮಹಿಳಾ ವಿಭಾಗವನ್ನು ನೋಡಿಕೊಂಡ ಉಮಾಬಾಯಿ ಕುಂದಾಪುರ ಅವರು ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಅಧಿವೇಶನಕ್ಕೆ ಅವರು ಊರೂರು ತಿರುಗಿ ಹೆಂಗಸರನ್ನು ಸ್ವಯಂಸೇವಕಿಯರಾಗಿ ಕರೆತಂದರು. ನೂರು ವರ್ಷದ ಹಿಂದೆ ಮನೆವಾರ್ತೆಯ ಹೆಂಗಸರು ಸಾಲಾಗಿ ನಿಂತು ಹೆಜ್ಜೆ ಹಾಕಿದರು ಎಂದರೆ, ಅವರ ಮುಂದೆ ನಿಂತವರು ಅವರನ್ನು ಅಂಜಿಸದೆ ಕರೆದುಕೊಂಡು ಹೋಗಿರಬೇಕು.

ನನ್ನ ಮಾತಿಗೆ ಎದುರು ಮಾತು ಇದೆ, ನನ್ನ ಗೆಳತಿಯೇ ಅದನ್ನು ಹೇಳಿದಳು: “ಮುಂದೆ ನಿಂತವರೇ ಫಿಟ್ ಇಲ್ಲದಿದ್ದರೆ ಹಿಂದಿನವರು ಯಾಕೆ ಕೇಳಬೇಕು?” ಇದರಲ್ಲಿ ಸತ್ಯವಿದೆ. ಕಲಿಸುವವರು ಕುಣಿಯುತ್ತಲೇ ಮಾತಾಡಬೇಕು, ಅದಕ್ಕೆ ದಮ್ಮು ಬೇಕು. ಮೊದಲ ದಿನ ನನಗೆ ಮೂರನೇ ಸುತ್ತಿನಲ್ಲೇ ಮಾತು ನಿಂತುಹೋಗಿತ್ತು. ಈಗ ಏಳು ನಿಮಿಷ ನಿಲ್ಲದೆ ಹೇಳಬಲ್ಲೆ. ಇದಕ್ಕೆ ಅಂಕ ಇರಲಿ, ನಾನು ಕಳೆದುಕೊಂಡರೂ ಪರವಾಗಿಲ್ಲ. ಆದರೆ ದಮ್ಮು ಬೇರೆ, ತೆಳ್ಳಗಿರುವುದು ಬೇರೆ. ಗಣಿತದಲ್ಲಿ ನೂರಕ್ಕೆ ನೂರು ತೆಗೆದವರೆಲ್ಲ ಗಣಿತ ಕಲಿಸಬಲ್ಲರೇ? ನಮಗೆ ಅಕೌಂಟೆನ್ಸಿ ಅರ್ಥವಾದದ್ದು, ನಾವು ಎಲ್ಲಿ ತಪ್ಪುತ್ತೇವೆ ಎಂದು ಮೊದಲೇ ಊಹಿಸಬಲ್ಲ ಉಪನ್ಯಾಸಕರಿಂದ.

ಇನ್ನೊಂದು ಮಾತು, ಇದೆಲ್ಲ ಪರೀಕ್ಷೆಗೆ ಕುಳಿತಿರುವ ನಮಗೆ ಯಾಕೆ ಎಂಬುದು. ಇದು ಮುಂದೆ ಉದ್ಯೋಗವೂ ಆಗಬಹುದು. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕ್ಯೂರ್‌ಫಿಟ್‌ನಂಥ ಕಂಪನಿ ಗುಂಪು ತರಗತಿಗಳನ್ನೇ ದೊಡ್ಡ ವ್ಯಾಪಾರ ಮಾಡಿ ತೋರಿಸಿತು. ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ 18 ತುಂಬಿರಬೇಕು ಎನ್ನುತ್ತವೆ, ಪ್ರಥಮ ಚಿಕಿತ್ಸೆಯೂ ಗೊತ್ತಿರಬೇಕು. ಹಾಗಾಗಿ ಹದಿನೇಳರ ನಾವು ತರಬೇತುದಾರರು ಎಂದು ಹೇಳಿಕೊಳ್ಳುವ ಹಾಗಿಲ್ಲ. ದೈಹಿಕ ಶಿಕ್ಷಣ ಉಪನ್ಯಾಸಕರ ಕಣ್ಣೆದುರಿಗೇ ನಡೆಸಬೇಕು. ಆದರೆ ಕಡೂರು, ಬೀರೂರು, ತರೀಕೆರೆ ಕಡೆ ಹೆಂಗಸರಿಗೆ ಹೆಂಗಸರೇ ಕಲಿಸುವ ತರಗತಿ ಮುಂದೊಂದು ದಿನ ಬೇಕಾದರೆ ಅದನ್ನು ನಡೆಸುವವರು ಎಲ್ಲಿಂದ ಬರಬೇಕು? ಇಂಥ ಶನಿವಾರಗಳಿಂದಲೇ.

ಈಗ ಕೋರಿಕೆ. ಮಾನ್ಯ ಪ್ರಾಂಶುಪಾಲರು ಮತ್ತು ಆಯ್ಕೆ ಸಮಿತಿಯವರು ಸೂಚನೆಯಲ್ಲಿ ‘ಪ್ರದರ್ಶನ’ ಎಂಬುದನ್ನು ‘ಪಾಠ’ ಎಂದು ತಿದ್ದಬೇಕು. ಖಾಲಿ ವೇದಿಕೆಯ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸುವ ಬದಲು, ಎದುರಿಗೆ ಹತ್ತು ಜನರನ್ನು ನಿಲ್ಲಿಸಬೇಕು. ಅವರಲ್ಲಿ ಆಟೋಟಕ್ಕೆ ಎಂದೂ ಹೆಸರು ಕೊಡದವರು, ಐವತ್ತು ದಾಟಿದ ಸಿಬ್ಬಂದಿಯವರೊಬ್ಬರು ಇರಬೇಕು. 25 ಅಂಕವಿದ್ದರೆ ಎಣಿಕೆ ಮತ್ತು ಮುಂಚಿತ ಸೂಚನೆಗೆ 5, ಸುರಕ್ಷತೆ ಮತ್ತು ಬದಲಿಗೆ 5, ದಮ್ಮಿಗೆ 5 ಇರಲಿ. ಉಳಿದ 10 ಅಂಕ, ಐದು ನಿಮಿಷ ಮುಗಿದ ಮೇಲೆ ಆ ಹತ್ತು ಜನರಲ್ಲಿ ಎಷ್ಟು ಮಂದಿ ಕಲಿತದ್ದನ್ನು ಒಬ್ಬರೇ ಮಾಡಿ ತೋರಿಸಬಲ್ಲರು ಎಂಬುದಕ್ಕೆ. ತಲೆಗೊಂದು ಅಂಕ, ಲೆಕ್ಕವೂ ಸುಲಭ. ತೀರ್ಪುಗಾರರು ಮುಂದಿನ ಕುರ್ಚಿಯಲ್ಲಿ ಕೂರುವುದು ಬೇಡ, ಕೊನೆಯ ಸಾಲಿನಲ್ಲಿ ನಿಲ್ಲಲಿ. ಅಲ್ಲಿಗೆ ದನಿ ಕೇಳಿಸುತ್ತದೆಯೇ, ಕೈ ಕಾಣುತ್ತದೆಯೇ ಎಂಬುದು ಅಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಹೆಸರು ಕೊಡಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೂ ಒಂದು ಮಾತು. ನಮಗೆಲ್ಲ ಬಸ್ಕಿ ಪರಿಚಯವಾದದ್ದು ಹೋಂವರ್ಕ್ ಮಾಡದಿದ್ದಕ್ಕೆ ಶಿಕ್ಷೆಯಾಗಿ. ವ್ಯಾಯಾಮ ಎಂದರೆ ನಾಚಿಕೆ ಎಂದು ಅಲ್ಲೇ ಅಂಟಿಕೊಂಡಿತು. ಆ ನಾಚಿಕೆ ಗೊತ್ತಿರುವವರೇ ಮುಂದೆ ನಿಂತರೆ ಹಿಂದಿನವರದು ಕಡಿಮೆಯಾದೀತು. ಬನ್ನಿ, ಹೆಸರು ಕೊಡಿ.

ಅಡಿಕೆ ಸುಲಿಯುವ ಕೆಲಸ ಮೊನ್ನೆ ಮುಗಿಯಿತು. ಅಂಗಳ ಖಾಲಿಯಾಗಿದೆ, ಬಂದವರು ಅವರವರ ಮನೆ ಸೇರಿದ್ದಾರೆ. ನನ್ನ ತರಗತಿಯೂ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಿನ್ನೆ ಬೆಳಿಗ್ಗೆ ಅಡುಗೆಮನೆಯಿಂದ ಸಣ್ಣ ದನಿ ಕೇಳಿಸಿತು. ಇಣುಕಿದೆ. ಅಮ್ಮಿ ಗೋಡೆಗೆ ಎರಡೂ ಕೈಯೂರಿ, ಹಾಲು ಉಕ್ಕುವ ಮುಂಚೆ ಮುಗಿಸಬೇಕೆಂಬಂತೆ ಎಣಿಸುತ್ತಿದ್ದರು. ಏಳರಲ್ಲಿ ನಿಲ್ಲಿಸಿ ಸ್ಟವ್ ಆರಿಸಿದರು. ಮತ್ತೆ ಗೋಡೆಯ ಹತ್ತಿರ ಬಂದು ಎಂಟು ಎಂದರು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ